ಬೀಗದಜ್ಜಿ ಸಾಯಬೇಕಾದ ಸಂಪುಟ

ಮಾರ್ಚ್ 3, ಸೋಮವಾರ

ಇಪ್ಪತ್ತೆರಡು ವರ್ಷ ಲಿಫ್ಟ್ ರಿಪೇರಿ ಮಾಡಿದ್ದೇನೆ. ಇಪ್ಪತ್ತೆಂಟನೇ ಮಹಡಿಯಲ್ಲಿ ಒಂದೇ ಹಲಗೆಯ ಮೇಲೆ ನಿಂತು ಹಗ್ಗ ಬದಲಿಸಿದ್ದೇನೆ. ಒಂದು ಉಗುರೂ ಮುಕ್ಕಾಗಿರಲಿಲ್ಲ. ಕಳೆದ ಗುರುವಾರ ನಮ್ಮದೇ ಮನೆಯಲ್ಲಿ ಎರಡು ಮೆಟ್ಟಿಲಿನ ಸ್ಟೂಲು ಹತ್ತಿ, ಕಪಾಟಿನ ಮೇಲಿನ ಸೂಟ್‌ಕೇಸ್ ಇಳಿಸಲು ಹೋಗಿ ಬಿದ್ದೆ. ಬಲಗಾಲಿನ ಮೂಳೆ ಮುರಿದಿದೆ. ಆರು ವಾರ ಪ್ಲಾಸ್ಟರ್. ಕೆಲಸದ ಜಾಗದಲ್ಲಿ ಇಷ್ಟು ಹೊತ್ತಿಗೆ ಎಲ್ಲರೂ ನಕ್ಕು ಸುಸ್ತಾಗಿರುತ್ತಾರೆ.

ಕಂಪನಿಯವರು ಕೊಟ್ಟ ಡೈರಿ ಖಾಲಿ ಬಿದ್ದಿತ್ತು. ಲಿಫ್ಟಿನ ದೋಷಗಳನ್ನು ಬರೆಯುವ ಪುಸ್ತಕ ಬಿಟ್ಟರೆ ನಾನು ಬೇರೇನೂ ಬರೆದವನಲ್ಲ. ಸುಮ್ಮನೆ ಬಿದ್ದುಕೊಂಡರೆ ತಲೆ ಕೆಡುತ್ತದೆ, ಅದಕ್ಕೆ ಇದು.

ಮನೆಯಲ್ಲಿ ಬರೆಯುವವಳು ಹೆಂಡತಿ. ಹದಿನಾಲ್ಕು ವರ್ಷದಿಂದ ಒಂದೇ ಕಥೆ ಬರೆಯುತ್ತಿದ್ದಾಳೆ. 'ಮಸಿಕೋಟೆ' ಎಂದು ಹೆಸರು. ನೆಲದಡಿಯಲ್ಲಿ ಏಳು ಅಂತಸ್ತಿನ ಕೋಟೆ, ಬಿಸಿಲೆಂಬುದಿಲ್ಲ, ಸಂಪುಟಕ್ಕೆ ಹದಿನೈದಿಪ್ಪತ್ತು ಜನ ಸಾಯುತ್ತಾರೆ, ಸತ್ತವರಲ್ಲಿ ಕೆಲವರು ಎದ್ದು ಬಂದು ಇನ್ನೊಂದಿಷ್ಟು ಜನರನ್ನು ಸಾಯಿಸುತ್ತಾರೆ. ಹತ್ತು ಸಂಪುಟ ಬಂದಿವೆ. ಓದುವವರೂ ಇದ್ದಾರೆ, ಬೇಕಾದಷ್ಟು ಜನ. ಮೊದಲನೆಯದರಲ್ಲಿ ಹನ್ನೆರಡು ಪುಟ ಓದಿ ಕೈಮುಗಿದವನು ನಾನು.

ಮಾರ್ಚ್ 5, ಬುಧವಾರ

ಇವತ್ತು ಹತ್ತೂ ಸಂಪುಟ ತಂದು ನನ್ನ ಹಾಸಿಗೆಯ ಮೇಲೆ ಪೇರಿಸಿದಳು. ಹತ್ತನೆಯದರಲ್ಲಿ ಮಾನ ಹೋಗಿದೆಯಂತೆ. ಎಂಟನೆಯದರಲ್ಲಿ ಸತ್ತ ಕುದುರೆ ಅದರಲ್ಲಿ ಓಡಾಡಿದೆ. ಒಂದು ಕೈ ಕಳೆದುಕೊಂಡವನು ಚಪ್ಪಾಳೆ ತಟ್ಟಿದ್ದಾನೆ. ಓದುಗರು ಪಟ್ಟಿ ಮಾಡಿ ಪ್ರಕಾಶಕರಿಗೆ ಕಳಿಸಿದ್ದಾರೆ. ಹನ್ನೊಂದನೆಯದನ್ನು ಯಾರಾದರೂ ಹಿಂದಿನ ಹತ್ತರೊಂದಿಗೆ ತಾಳೆ ನೋಡದೆ ಅಚ್ಚಿಗೆ ಕಳಿಸುವುದಿಲ್ಲ ಎಂದು ಪ್ರಕಾಶಕರು ಹೇಳಿದ್ದಾರೆ.

ಆ ಯಾರಾದರೂ ನಾನು. ಮುಂಚೆ ನೋಡುತ್ತಿದ್ದವರು ಯಾರು, ಅವರಿಗೇನಾಯಿತು ಎಂದು ಕೇಳಿದೆ. ಅವಳು ದಿಂಬು ಸರಿ ಮಾಡಿದಳು. ಯಾರೋ ಪಾಪದವರು, ತಾಳಲಾರದೆ ಬಿಟ್ಟು ಓಡಿಹೋಗಿರಬೇಕು. ನನಗೆ ಓಡಲು ಕಾಲಿಲ್ಲ.

"ತಪ್ಪು ಹುಡುಕೋದು ನಿಮಗೆ ಹೇಳಿಕೊಡಬೇಕಾ" ಎಂದಳು. ಹೊಗಳಿಕೆ ಎಂದುಕೊಂಡು ಪೆನ್ಸಿಲ್ ತೆಗೆದುಕೊಂಡೆ.

ಮಾರ್ಚ್ 9, ಭಾನುವಾರ

ಮೂರು ಸಂಪುಟ ಮುಗಿಯಿತು. ನನ್ನ ಜೀವವೂ ಅರ್ಧ ಮುಗಿಯಿತು.

ಆ ಕೋಟೆಯಲ್ಲಿ ಜನರನ್ನು ಏರಿಸಿ ಇಳಿಸಲು ಒಂದು ರಾಟೆಯ ತೊಟ್ಟಿಲಿದೆ. ಒಂದೇ ಹಗ್ಗ. ತೂಕ ಸರಿದೂಗಿಸುವ ಎದುರು ಭಾರ ಇಲ್ಲ. ಬ್ರೇಕ್ ಇಲ್ಲ. ಹದಿನಾರು ಜನ ಸೈನಿಕರು ಕಬ್ಬಿಣದ ಉಡುಪಿನಲ್ಲಿ ಹತ್ತುತ್ತಾರೆ, ಅದನ್ನು ಒಬ್ಬ ಮನುಷ್ಯ ಕೈಯಲ್ಲಿ ಸುತ್ತುತ್ತಾನೆ. ನಾನಾಗಿದ್ದರೆ ಮೊದಲ ಅಧ್ಯಾಯದಲ್ಲೇ ಬಾಗಿಲಿಗೆ ಚೀಟಿ ಅಂಟಿಸಿ ಮುಚ್ಚಿಸುತ್ತಿದ್ದೆ. ಅಡುಗೆಮನೆಯಲ್ಲಿದ್ದವಳನ್ನು ಕರೆದು ಇದನ್ನೆಲ್ಲ ಹೇಳಿದೆ. ಮಂತ್ರ ಹಾಕಿದ ಹಗ್ಗ ಅದು ಎಂದಳು. ಮಂತ್ರ ಹಾಕಿದರೂ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಬೇಕಲ್ಲ.

ರಾಟೆ ಸುತ್ತುವವನಿಗೆ ಹೆಸರಿಲ್ಲ, ಬರೀ ರಾಟೆಯವನು. ಯಾವಾಗಲೂ ಎಲ್ಲ ಮುಗಿದ ಮೇಲೆ ಬರುತ್ತಾನೆ. ಮೂರು ಸಂಪುಟದಲ್ಲಿ ನಾಲ್ಕು ಮಾತಾಡಿದ್ದಾನೆ, ಅದರಲ್ಲಿ ಎರಡು "ನೋಡೋಣ". ಇಂಥವನನ್ನು ಯಾಕೆ ಇಟ್ಟುಕೊಂಡಿದ್ದಾಳೋ.

ಎಲ್ಲರೂ ಹೆದರುವುದು ಬೀಗದಜ್ಜಿಗೆ. ಕೋಟೆಯ ಏಳುನೂರು ಬೀಗದ ಕೈ ಅವಳ ಸೊಂಟದಲ್ಲಿ. ರಾಜರು ಬಂದರೂ ಅವಳು ಎದ್ದು ನಿಲ್ಲುವುದಿಲ್ಲ. ಅವಳ ಕೈಕೆಳಗೆ ಬೀಗಗಳಿಗೆ ಎಣ್ಣೆ ಬಿಡುವ ಒಬ್ಬ ಹುಡುಗಿ, ದಿನವಿಡೀ ಬೈಸಿಕೊಳ್ಳುತ್ತಾಳೆ. ಈ ಅಜ್ಜಿಯನ್ನು ಎಲ್ಲೋ ನೋಡಿದ ಹಾಗಿದೆ.

ಮಾರ್ಚ್ 14, ಶುಕ್ರವಾರ

ಎಲ್ಲಿ ನೋಡಿದ್ದೇನೆಂದು ಗೊತ್ತಾಯಿತು. ನಾಲ್ಕನೇ ಸಂಪುಟ, ಪುಟ ಎಂಬತ್ತೊಂದು. ಅಜ್ಜಿ ಹಾಲಿನ ಲೋಟವನ್ನು ಮೂಸಿ ನೋಡಿ, ಬೆಳಕಿಗೆ ಹಿಡಿದು, "ನನಗೇನೂ ಬೇಡ, ನೀವು ಕುಡೀರಿ" ಎನ್ನುತ್ತಾಳೆ. ಎರಡು ನಿಮಿಷ ಬಿಟ್ಟು, "ನನ್ನ ಪಾಲು ಎತ್ತಿಟ್ಟಿದ್ದೀರಾ?" ಎಂದು ಕೇಳುತ್ತಾಳೆ.

ನನ್ನ ಅಮ್ಮ.

ಹಿಂದಿನ ಪುಟಗಳನ್ನೆಲ್ಲ ಮತ್ತೆ ತಿರುವಿದೆ. ದಿಂಬಿನ ಕೆಳಗೆ ಬೀಗದ ಕೈ ಇಡುವುದು, ಮಾತಿನ ನಡುವೆ ಕಣ್ಣು ಮುಚ್ಚಿ ನಿದ್ದೆ ಬಂದವರ ಹಾಗೆ ನಟಿಸುವುದು, ಯಾರು ಏನು ಹೇಳಿದರೂ "ಅದು ನನಗೆ ಆಗಲೇ ಗೊತ್ತಿತ್ತು" ಎನ್ನುವುದು, ಎಲ್ಲ ಅಮ್ಮನದೇ. ಎದೆ ಉರಿದು ಹೋಯಿತು. ಅಷ್ಟು ವರ್ಷ ಒಂದೇ ಸೂರಿನಡಿ ಇದ್ದುಕೊಂಡು, ಅತ್ತೆಯನ್ನು ರಾಕ್ಷಸಿ ಮಾಡಿ ಊರಿಗೆಲ್ಲ ಹಂಚಿದ್ದಾಳೆ.

ಅವರಿಬ್ಬರ ಜಗಳ ನನಗೆ ಗೊತ್ತಿಲ್ಲದ್ದಲ್ಲ. ಕೆಲಸ ಮುಗಿಸಿ ಮೆಟ್ಟಿಲು ಹತ್ತುವಾಗಲೇ ಕೇಳಿಸುತ್ತಿತ್ತು, ಇಬ್ಬರೂ ಗಂಟಲು ಹರಿಯುವ ಹಾಗೆ ಕೂಗಾಡುತ್ತಿದ್ದರು. ನಾನು ಬಾಗಿಲು ತೆರೆದರೆ ಬಾಯಿಗೆ ಬೀಗ. ಯಾರ ಪರ ಮಾತಾಡಿದರೂ ಕಷ್ಟ ಎಂದು ನಾನು ಎರಡನೇ ಪಾಳಿಯನ್ನೂ ಕೇಳಿ ಹಾಕಿಸಿಕೊಳ್ಳುತ್ತಿದ್ದೆ.

ಅಮ್ಮ ಹೋದದ್ದು ಮೂರು ವರ್ಷದ ಹಿಂದೆ, ಒಂದು ಮಧ್ಯಾಹ್ನ. ನಾನು ಕೆಲಸದಲ್ಲಿದ್ದೆ. ಕೆಳಗಿನ ಮನೆಯಾಕೆ ಆಮೇಲೆ ನನ್ನನ್ನು ಮೆಟ್ಟಿಲ ಬಳಿ ನಿಲ್ಲಿಸಿ, "ಅವತ್ತೂ ಜೋರು ಜೋರಾಗಿ ಮಾತು ಕೇಳಿಸ್ತು, ಆಮೇಲೆ ಸದ್ದೇ ಇಲ್ಲ" ಎಂದಳು. ನಾನು ಹೆಂಡತಿಯನ್ನು ಏನೂ ಕೇಳಲಿಲ್ಲ. ಅವಳೂ ಹೇಳಲಿಲ್ಲ. ಕೇಳುವುದೇನಿದೆ, ಜಗಳದ ನಡುವೆಯೇ ಅಮ್ಮನ ಜೀವ ಹೋಗಿದೆ.

ಮಾರ್ಚ್ 15, ಶನಿವಾರ

ಮಾತಿಲ್ಲ. ಐದನೇ ಸಂಪುಟ ಮುಗಿಯಿತು. ಸತ್ತವರು ಹದಿನೇಳು.

ಮಾರ್ಚ್ 20, ಗುರುವಾರ

ಹಟ ಹಿಡಿದು ಹತ್ತೂ ಮುಗಿಸಿದೆ. ಒಟ್ಟು ತಪ್ಪು ಅರವತ್ತಮೂರು. ಅದರಲ್ಲಿ ಐವತ್ತು ಕೊನೆಯ ಎರಡು ಸಂಪುಟದಲ್ಲೇ ಇವೆ. ಏಳರಲ್ಲಿ ಸತ್ತ ಮೂರನೇ ಬಾಗಿಲಿನ ಕಾವಲುಗಾರ ಒಂಬತ್ತರಲ್ಲಿ ನಿಂತು ಹವಾಮಾನದ ಬಗ್ಗೆ ಮಾತಾಡುತ್ತಾನೆ. ನೆಲದಡಿಯಲ್ಲಿ ಎಂಥ ಹವಾಮಾನವೋ. ಮೊದಲ ಎಂಟರಲ್ಲಿ ಇಷ್ಟು ಕಡಿಮೆ ತಪ್ಪು ಹೇಗೆ ಎಂದು ಆಶ್ಚರ್ಯವಾಯಿತು. ಆ ಓಡಿಹೋದವರು ಕೆಲಸ ಬಲ್ಲವರು.

ಹನ್ನೊಂದರ ಹಸ್ತಪ್ರತಿ ಕೊಡು ಎಂದೆ. ಮೂವತ್ತೆರಡು ಅಧ್ಯಾಯ ಕೊಟ್ಟಳು. ಮೂವತ್ತಮೂರು ಇಲ್ಲ. ಅದರಲ್ಲಿ ಬೀಗದಜ್ಜಿ ಸಾಯಬೇಕು. ಅವಳು ಸತ್ತ ಹೊರತು ತಳದ ಬೀಗ ತೆರೆಯುವುದಿಲ್ಲ ಎಂದು ಮೊದಲನೇ ಸಂಪುಟದಲ್ಲೇ ಬರೆದಿಟ್ಟಿದ್ದಾಳೆ. ಐದು ತಿಂಗಳಿಂದ ಅಲ್ಲೇ ನಿಂತಿದ್ದಾಳೆ. ಏಪ್ರಿಲ್ ಹದಿನೈದರೊಳಗೆ ಕೊಡದಿದ್ದರೆ 'ಮಸಿಕೋಟೆ'ಯನ್ನು ಇಲ್ಲಿಗೇ ನಿಲ್ಲಿಸುತ್ತೇವೆ ಎಂದು ಪ್ರಕಾಶಕರ ಪತ್ರ ಬಂದಿದೆಯಂತೆ. ನನಗೆ ತೋರಿಸಿಯೇ ಇರಲಿಲ್ಲ.

ನೂರೈವತ್ತಕ್ಕೂ ಹೆಚ್ಚು ಜನರನ್ನು ಸಾಯಿಸಿದವಳಿಗೆ ಒಂದು ಮುದುಕಿ ಯಾವ ಲೆಕ್ಕ ಎಂದೆ.

"ಆಗ್ತಾ ಇಲ್ಲ ರೀ. ಕೂತ್ಕೊಂಡ್ರೆ ಕೈಯೇ ಓಡಲ್ಲ."

ಆಗ ನಾನು ಅಂದೆ, "ಒಂದ್ಸಲ ಮಾಡಿದ್ದೀಯಲ್ಲ, ಎರಡನೇ ಸಲಕ್ಕೆ ಏನು ಕಷ್ಟ?"

ಅವಳು ನನ್ನನ್ನೇ ನೋಡಿದಳು. ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಹಸ್ತಪ್ರತಿಯನ್ನು ನನ್ನ ತೊಡೆಯಿಂದ ಎತ್ತಿಕೊಂಡು ಹೊರಟುಹೋದಳು. ಆಡಬಾರದಿತ್ತು ಎಂದು ಇಲ್ಲಿ ಬರೆಯುವುದಿಲ್ಲ. ಮೂರು ವರ್ಷದಿಂದ ನಾಲಿಗೆ ತುದಿಯಲ್ಲಿದ್ದ ಮಾತು.

ಮಾರ್ಚ್ 21, ಶುಕ್ರವಾರ

ಊಟದ ತಟ್ಟೆ ಸ್ಟೂಲಿನ ಮೇಲೆ ಬರುತ್ತದೆ, ಹೋಗುತ್ತದೆ. ನನ್ನನ್ನು ಬೀಳಿಸಿದ ಅದೇ ಸ್ಟೂಲು. ಊಟ ಬಿಸಿಯಾಗಿಯೇ ಇರುತ್ತದೆ. ಅದೇ ಇನ್ನೂ ಸಿಟ್ಟು ತರಿಸುತ್ತದೆ.

ಮಾರ್ಚ್ 24, ಸೋಮವಾರ

ಬೆಳಿಗ್ಗೆ ಅವಳು ಹೊರಗೆ ಹೋಗಿದ್ದಾಗ ಅವಳ ಫೋನು ಮೇಜಿನ ಮೇಲೆ ಒಂದೇ ಸಮನೆ ಬಡಿದುಕೊಂಡಿತು. ಊರುಗೋಲು ಹಿಡಿದು ಕುಂಟಿಕೊಂಡು ಹೋಗಿ ಎತ್ತಿಕೊಂಡೆ. ಪ್ರಕಾಶಕರು. ನಾನು ಗಂಡ, ಈಗ ನಾನೇ ತಪ್ಪು ನೋಡುತ್ತಿರುವುದು ಎಂದು ಪರಿಚಯ ಹೇಳಿಕೊಂಡೆ. ಆ ಮನುಷ್ಯನಿಗೆ ಖುಷಿಯಾಯಿತು.

"ಒಳ್ಳೇದಾಯ್ತು ಸಾರ್. ನಿಮ್ಮ ತಾಯಿಯವರಿದ್ದಾಗ ನಮಗೆ ಈ ರಗಳೆಯೇ ಇರ್ಲಿಲ್ಲ. ಎಂಟು ಸಂಪುಟ, ಒಂದು ಅಕ್ಷರ ಬಿಡ್ತಿರ್ಲಿಲ್ಲ ಅವರು. ಮುಖಪುಟದಲ್ಲಿ ಬೀಗದ ಕೈ ಕಡಿಮೆ ಇದೆ ಅಂತ ಫೋನ್ ಮಾಡಿ ಬೈದಿದ್ರು. ಅವರ ನೋಟ್‌ಬುಕ್ ನಿಮ್ಮ ಹತ್ರಾನೇ ಇರ್ಬೇಕಲ್ಲ?"

ಹೂಂ ಎಂದೆನೋ ಊಹೂಂ ಎಂದೆನೋ ನೆನಪಿಲ್ಲ. ಫೋನಿಟ್ಟು ಅಲ್ಲೇ ಅವಳ ಕುರ್ಚಿಯಲ್ಲಿ ಕುಳಿತೆ.

ಅವಳು ಚೀಲ ಹಿಡಿದು ಒಳಗೆ ಬಂದಾಗ, ಅಮ್ಮನ ನೋಟ್‌ಬುಕ್ ಎಲ್ಲಿ ಎಂದು ಕೇಳಿದೆ. ಚೀಲ ಕೆಳಗಿಟ್ಟು, ಕಪಾಟಿನ ಮೇಲೆ ಕೈ ಮಾಡಿದಳು. ಅದೇ ಸೂಟ್‌ಕೇಸ್. ಇಳಿಸಿಕೊಡಿ ಎಂದು ಅವತ್ತು ಅವಳು ಕೇಳಿದ್ದು ಇದಕ್ಕೆ. ಯಾಕೆ ಎಂದು ನಾನು ಕೇಳಿರಲಿಲ್ಲ, ಮುಖ ಗಂಟಿಕ್ಕಿಕೊಂಡು ಸ್ಟೂಲು ಹತ್ತಿದ್ದೆ.

ಈ ಸಲ ಅವಳೇ ಹತ್ತಿ ಇಳಿಸಿದಳು. ಎರಡು ದಪ್ಪ ನೋಟ್‌ಬುಕ್. ಅಮ್ಮನ ಅಕ್ಷರ, ಗುಂಡಗೆ, ಒತ್ತಿ ಒತ್ತಿ.

ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಮೊದಲನೇ ಸಂಪುಟದ ಹನ್ನೆರಡು ಪುಟ ಓದಿ ನಾನು ಊಟದ ಮೇಜಿನಲ್ಲಿ ನಕ್ಕ ನಗು ಅಮ್ಮನಿಗೆ ಸರಿಬಂದಿರಲಿಲ್ಲವಂತೆ. ಅವನಿಗೆ ಹೇಳಬೇಡ, ಆಡಿಕೊಳ್ಳುತ್ತಾನೆ, ಎಂದಿದ್ದಳಂತೆ. ನಾನು ಬಾಗಿಲು ತೆರೆದೊಡನೆ ಇಬ್ಬರೂ ಸುಮ್ಮನಾಗುತ್ತಿದ್ದದ್ದು ಅದಕ್ಕೆ.

ಮಾರ್ಚ್ 27, ಗುರುವಾರ

ಮೂರು ದಿನದಿಂದ ನೋಟ್‌ಬುಕ್ಕುಗಳನ್ನೇ ಓದುತ್ತಿದ್ದೇನೆ. ಅಮ್ಮ ಸತ್ತವರಿಗೆಲ್ಲ ಒಂದೊಂದು ಸಾಲು ಇಟ್ಟಿದ್ದಾಳೆ. ಯಾರು, ಯಾವ ಅಧ್ಯಾಯ, ಹೇಗೆ. ಕೊನೆಯಲ್ಲಿ ತನ್ನ ಮಾತು. "ಒಂಟಿಗಣ್ಣ. ಒಳ್ಳೆಯದಾಯಿತು." "ಕುದುರೆ. ಪಾಪ." "ಕಿರಿಯ ರಾಜ. ಸಾಯುವ ಮುಂಚೆ ಭಾಷಣ ಜಾಸ್ತಿಯಾಯಿತು, ಹೇಳಿದರೂ ಕೇಳಲಿಲ್ಲ."

ಬೀಗದಜ್ಜಿಗೆ ಇಡೀ ನಾಲ್ಕು ಪುಟ. ಅದು ತಾನೇ ಎಂದು ಅಮ್ಮನಿಗೆ ಗೊತ್ತಿತ್ತು. ಗೊತ್ತಿದ್ದದ್ದೇನು ಬಂತು, ಮಾತುಗಳನ್ನು ಹೇಳಿಕೊಟ್ಟದ್ದೇ ಅವಳು. "ಮೂರನೇ ಸಂಪುಟದಲ್ಲಿ ನನ್ನನ್ನು ತೀರಾ ಒಳ್ಳೆಯವಳನ್ನಾಗಿ ಮಾಡಿದ್ದಾಳೆ. ಯಾರೂ ನಂಬುವುದಿಲ್ಲ. ಬದಲಿಸಲು ಹೇಳಿದೆ." ಇದಕ್ಕೆ ಒಂದು ಸಂಜೆ ಪೂರ್ತಿ ಜಗಳವಾಗಿದೆ. ತಾರೀಖು ಕೂಡ ಬರೆದಿದ್ದಾಳೆ. ಅವತ್ತೂ ನಾನು ಮೆಟ್ಟಿಲಿನಿಂದಲೇ ಹಿಂದಿರುಗಿ ಹೋಗಿರಬೇಕು. ಅವರು ಕೂಗಾಡುತ್ತಿದ್ದದ್ದು ಯಾರು ಸಾಯಬೇಕು, ಯಾರು ಉಳಿಯಬೇಕು ಎಂದು. ಅಮ್ಮ ಒಬ್ಬಳಿಗಾಗಿ ವಾದ ಮಾಡಿದರೆ ಇವಳು ಇನ್ನೊಬ್ಬನಿಗಾಗಿ. ಅಷ್ಟು ಖುಷಿಯಾಗಿ ಇಬ್ಬರು ಮನುಷ್ಯರು ಜಗಳವಾಡಿದ್ದನ್ನು ನಾನು ಕಂಡಿಲ್ಲ, ಓದುತ್ತಿದ್ದೇನೆ.

ಸಾಯದ ರಾಟೆಯವನಿಗೂ ಒಂದು ಸಾಲಿದೆ: "ಇವನನ್ನು ಸಾಯಿಸುತ್ತೇನೆ ಎಂದು ಎರಡು ಸಲ ಬಂದಳು. ಬೇಡ ಎಂದೆ. ಬರುವುದು ತಡ, ಆದರೆ ಬರುತ್ತಾನೆ."

ಅದು ನಾನೇ ಎಂದು ಗೊತ್ತಾಗಲು ನನಗೆ ಹತ್ತು ಸಂಪುಟ ಬೇಕಾಯಿತು. ಹತ್ತರಲ್ಲೂ ಸೇರಿ ಅವನ ಮಾತು ಹನ್ನೊಂದು. ಕಡಿಮೆಯೇನಲ್ಲ ಎಂದುಕೊಂಡಿದ್ದೆ.

ಏಪ್ರಿಲ್ 1, ಮಂಗಳವಾರ

ಇವತ್ತು ಮಧ್ಯಾಹ್ನ ಊಟದ ತಟ್ಟೆ ಇಟ್ಟು ಹೋಗುತ್ತಿದ್ದವಳನ್ನು ಕೂತ್ಕೋ ಎಂದೆ. ಅವತ್ತು ಏನಾಯಿತು ಹೇಳು ಎಂದೆ. ಯಾವತ್ತು ಎಂದು ಅವಳು ಕೇಳಲಿಲ್ಲ.

ಒಂಬತ್ತನೇ ಸಂಪುಟದ ಕರಡು ಓದಿ ಹೇಳುತ್ತಿದ್ದಳಂತೆ. ಆ ಹೊತ್ತಿಗೆ ಅಮ್ಮನಿಗೆ ಕಣ್ಣು ಮಂಜಾಗಿತ್ತು, ಇವಳೇ ಓದಬೇಕಿತ್ತು. ಕಿವಿಯೂ ಮಂದ, ಅದಕ್ಕೆ ಜೋರಾಗಿ. ಹದಿಮೂರನೇ ಅಧ್ಯಾಯದ ಬಗ್ಗೆ ಒಂದಿಷ್ಟು ವಾದವಾಯಿತು. ಅಮ್ಮ ಗೆದ್ದಳು. ಸರಿ, ಮುಂದಿನದು ಓದು, ಎಂದು ಕಣ್ಣು ಮುಚ್ಚಿದಳು. ಇವಳು ಹದಿನಾಲ್ಕನೆಯದನ್ನು ಶುರುಮಾಡಿದಳು. ಅಮ್ಮ ಕಣ್ಣು ಮುಚ್ಚಿದರೆ ನಿದ್ದೆಯೇನಲ್ಲ, ತಪ್ಪು ಬಂದ ಕೂಡಲೇ ತೆರೆಯುತ್ತಾಳೆ, ಅದು ಇವಳಿಗೆ ಗೊತ್ತು. ಹಾಗಾಗಿ ಓದುತ್ತಲೇ ಹೋದಳು.

"ಎರಡು ಪುಟ ಓದಿದೆ ರೀ. ಅತ್ತೆ ಒಂದು ಸಲಾನೂ ತಡೀಲಿಲ್ಲ. ಪರವಾಗಿಲ್ಲ, ಈ ಸಲ ಚೆನ್ನಾಗಿ ಬರೆದಿದ್ದೀನಿ ಅಂದ್ಕೊಂಡೆ. ಖುಷಿಯಾಯ್ತು ನಂಗೆ. ಆಮೇಲೆ ತಲೆ ಎತ್ತಿ ನೋಡಿದೆ."

ಮೂರು ವರ್ಷ ಈ ಮಾತನ್ನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದಾಳೆ. ಪಕ್ಕದಲ್ಲಿ ಜೀವ ಹೋಗುತ್ತಿರುವಾಗ ತಾನು ಖುಷಿಪಡುತ್ತಿದ್ದೆ ಎಂಬುದನ್ನು ನನ್ನ ಮುಂದೆ ಹೇಗೆ ಹೇಳಲಿ ಎಂದಳು. ನಾನು ಕೇಳಿದ್ದರೆ ಹೇಳುತ್ತಿದ್ದಳಂತೆ. ನಾನು ಬಂದವನು ಅವಳ ಮುಖವನ್ನೂ ನೋಡಲಿಲ್ಲವಂತೆ. ಅದು ನಿಜ.

ಕೆಳಗಿನ ಮನೆಯಾಕೆ ಹೇಳಿದ್ದನ್ನು ಹೇಳಿದೆ, ನಾನು ಏನೆಂದುಕೊಂಡಿದ್ದೆ ಎಂಬುದನ್ನೂ ಹೇಳಿದೆ. ಅವಳು ಬಹಳ ಅತ್ತಳು. ತಪ್ಪಾಯ್ತು ಎಂಬ ಮಾತು ನಮ್ಮ ಮನೆಯಲ್ಲಿ ಆಡಿ ರೂಢಿಯಿಲ್ಲ. ಆಡಿದೆ. ಅವಳು ಕೇಳಿಸಿಕೊಂಡಳು, ಆದರೆ ಪರವಾಗಿಲ್ಲ ಎನ್ನಲಿಲ್ಲ. ಊಟ ತಣ್ಣಗಾಗಿತ್ತು. ಹಾಗೇ ತಿಂದೆ.

ಏಪ್ರಿಲ್ 4, ಶುಕ್ರವಾರ

ಬೆಳಿಗ್ಗೆಯಿಂದ ಅವಳ ಕೋಣೆಯಲ್ಲಿ ಕೀಲಿಮಣೆಯ ಸದ್ದು. ಹನ್ನೊಂದು ಗಂಟೆಗೆ ಬಾಗಿಲಿನಿಂದ ತಲೆ ಹಾಕಿ, ರಾಟೆಯ ಹಗ್ಗವನ್ನು ಯಾರಾದರೂ ಬೇಕೆಂದೇ ಕಡಿದರೆ ತೊಟ್ಟಿಲು ಎಷ್ಟು ಹೊತ್ತಿಗೆ ತಳ ಮುಟ್ಟುತ್ತದೆ ಎಂದು ಕೇಳಿದಳು. ಎತ್ತರ ಕೇಳಿ ಲೆಕ್ಕ ಹಾಕಿ ಕೊಟ್ಟೆ. ಬ್ರೇಕ್ ಹಾಕಿಸಿದ್ದರೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ ಎಂದೂ ಹೇಳಿದೆ. ಬ್ರೇಕ್ ಇದ್ದರೆ ಕಥೆ ಎಲ್ಲಿ ಉಳಿಯುತ್ತದೆ ಎಂದಳು. ನಿಂತು ಮಾತಾಡಿದಳು, ಒಂದೈದು ನಿಮಿಷ. ಹೋಗುವಾಗ ಆ ಮೂವತ್ತೆರಡು ಅಧ್ಯಾಯವನ್ನು ತಿರುಗಿ ತಂದು ನನ್ನ ತೊಡೆಯ ಮೇಲಿಟ್ಟಳು.

ಏಪ್ರಿಲ್ 8, ಮಂಗಳವಾರ

ಪ್ಲಾಸ್ಟರಿನೊಳಗೆ ತುರಿಕೆ. ಅಡುಗೆಮನೆಯ ಉದ್ದದ ಚಮಚ ಒಳಗೆ ಬಿಟ್ಟು ಕೆರೆದುಕೊಂಡಿದ್ದಕ್ಕೆ ಬೈಗುಳ ತಿಂದೆ. ಈಗ ಆ ಚಮಚ ನನ್ನದೇ ಅಂತೆ. ಕೋಣೆಯಲ್ಲಿ ಸದ್ದು ನಡೆದೇ ಇದೆ. ಇಣುಕಿ ನೋಡಬೇಕೆನ್ನಿಸುತ್ತದೆ, ನೋಡಲಿಲ್ಲ. ಅಜ್ಜಿ ಏನಾದಳೋ.

ಏಪ್ರಿಲ್ 12, ಶನಿವಾರ

ಮೊನ್ನೆ ಪ್ಲಾಸ್ಟರ್ ತೆಗೆದರು. ಕಾಲು ಬೇರೆ ಯಾರದೋ ಎನ್ನುವಷ್ಟು ಬಡಕಲಾಗಿದೆ. ಇವತ್ತು ಬೆಳಿಗ್ಗೆ ಮೂವತ್ತಮೂರನೇ ಅಧ್ಯಾಯ ಕೈಗೆ ಬಂತು. ಹದಿನೆಂಟು ಪುಟ. ನನ್ನ ಪೆನ್ಸಿಲ್ ಕೂಡ ಚೂಪು ಮಾಡಿ ಮೇಲಿಟ್ಟಿದ್ದಳು. ಕೊಟ್ಟು, ಹೊರಗೆ ಹೋಗದೆ ಎದುರಿನ ಕುರ್ಚಿಯಲ್ಲಿ ಕುಳಿತಳು.

ಅಜ್ಜಿ ಕಲ್ಲಿನ ಮಂಚದ ಮೇಲೆ ಮಲಗಿದ್ದಾಳೆ. ಹೊರಗೆ ಕೋಟೆ ಉರಿಯುತ್ತಿದೆ. ಎಣ್ಣೆಯ ಹುಡುಗಿ ಏಳುನೂರು ಬೀಗಗಳ ಹೆಸರನ್ನು ಒಂದೊಂದಾಗಿ ಹೇಳುತ್ತಾಳೆ, ತಪ್ಪಿದರೆ ಅಜ್ಜಿ ತಿದ್ದುತ್ತಾಳೆ. ನೂರಾ ಹತ್ತನೆಯದರಲ್ಲಿ ಬೈಗುಳ, ಇನ್ನೂರರಲ್ಲಿ ಬೈಗುಳ. ಮುನ್ನೂರರ ನಂತರ ಬೈಗುಳ ಬರುವುದಿಲ್ಲ. ಹುಡುಗಿ ಏಳುನೂರನ್ನೂ ಮುಗಿಸುತ್ತಾಳೆ.

ಕನ್ನಡಕ ಎರಡು ಸಲ ಒರೆಸಿಕೊಂಡೆ. ಅವಳು ನೋಡಿದಳು.

ಕೊನೆಯ ಪುಟದಲ್ಲಿ ಮಂಚದ ಆ ಬದಿಯಲ್ಲಿ ಇನ್ನೊಬ್ಬನಿದ್ದಾನೆ. ರಾಟೆಯವನು. ಮೊದಲಿನಿಂದಲೂ ಅಲ್ಲಿಯೇ ಇದ್ದನಂತೆ, ಅಜ್ಜಿಯ ಕೈ ಹಿಡಿದುಕೊಂಡು. ಹನ್ನೊಂದು ಸಂಪುಟದಲ್ಲಿ ಮೊದಲ ಬಾರಿಗೆ ಅವನು ಸಮಯಕ್ಕೆ ಸರಿಯಾಗಿ ಬಂದಿದ್ದಾನೆ.

ಆ ಸಾಲನ್ನು ಇನ್ನೊಮ್ಮೆ ಓದಿದೆ. ಆಮೇಲೆ ಪೆನ್ಸಿಲಿನಿಂದ ಅದರ ಸುತ್ತ ಗೆರೆ ಎಳೆದು, ಪಕ್ಕದಲ್ಲಿ ತಪ್ಪು ಎಂದು ಬರೆದೆ. ಮೂವತ್ತೊಂದನೇ ಅಧ್ಯಾಯದಲ್ಲಿ ಅವನು ಏಳನೇ ಅಂತಸ್ತಿಗೆ ಇಳಿದಿದ್ದಾನೆ. ಹಗ್ಗ ಕಡಿದಿದೆ. ಮೆಟ್ಟಿಲು ಒಂಬೈನೂರು. ಅಷ್ಟರೊಳಗೆ ಮೇಲೆ ಬರಲು ಯಾವ ಲೆಕ್ಕದಲ್ಲೂ ಸಾಧ್ಯವಿಲ್ಲ.

ಹಾಳೆಯನ್ನು ಅವಳ ಕಡೆ ತಿರುಗಿಸಿ ಕೊಟ್ಟೆ.

"ಗೊತ್ತು ರೀ. ಬೇಕೂಂತಲೇ ಬರೆದೆ. ಇರಲಿ ಬಿಡಿ, ಓದೋರು ಯಾರೂ ಅಷ್ಟು ಲೆಕ್ಕ ಹಾಕಲ್ಲ."

"ನಾನು ಹಾಕ್ತೀನಲ್ಲ. ಅವನು ಅಲ್ಲಿರ್ಲಿಲ್ಲ. ಹುಡುಗಿ ಒಬ್ಬಳೇ ಇದ್ದಳು, ಕೊನೇವರೆಗೂ. ಹಾಗೇ ಬರಿ."

ಅವಳು ಪೆನ್ಸಿಲ್ ಇಸಿದುಕೊಂಡು ರಾಟೆಯವನನ್ನು ಹೊಡೆದುಹಾಕಿದಳು. ನಾಲ್ಕು ಸಾಲು. ಗೆರೆ ಸೊಟ್ಟಗಾಯಿತು.

ಅವತ್ತು ಅಮ್ಮನಿಗೆ ಓದಿದ ಆ ಎರಡು ಪುಟ ನನಗೆ ಓದಿ ಹೇಳು ಎಂದೆ. ಅವಳು ಎದ್ದು ಹೋಗಿ ಒಂಬತ್ತನೇ ಸಂಪುಟ ತಂದಳು. ಹದಿನಾಲ್ಕನೇ ಅಧ್ಯಾಯವನ್ನು ಹುಡುಕಬೇಕಾಗಲಿಲ್ಲ, ಪುಸ್ತಕ ಅಲ್ಲಿಗೇ ತೆರೆದುಕೊಂಡಿತು. ನನ್ನ ಕಿವಿ ಸರಿಯಾಗಿದೆ, ಆದರೂ ಜೋರಾಗಿಯೇ ಓದಿದಳು. ಮೊದಲನೇ ಪುಟದ ನಡುವಿನಲ್ಲಿ ಮೂರನೇ ಬಾಗಿಲಿನ ಕಾವಲುಗಾರ ಬಂದ, ಏಳರಲ್ಲಿ ಸತ್ತವನು, ಅಲ್ಲಿ ನಿಂತು ಹವಾಮಾನದ ಮಾತಾಡಿದ. ಅಮ್ಮ ಇದ್ದಿದ್ದರೆ ಅಲ್ಲಿಯೇ ಕಣ್ಣು ತೆರೆದು ಬೈಯುತ್ತಿದ್ದಳು. ನಾನು ತಡೆಯಲಿಲ್ಲ. ಎರಡು ಪುಟವನ್ನೂ ಕೇಳಿದೆ.